175 ಎಂಬಿ ಓದಲು 40 ನಿಮಿಷ: ಒಂದು ಹಾಲಿನ ಡೈರಿಯ ಪ್ರಕರಣ

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಾಲಿನ ಡೈರಿಯಲ್ಲಿ ವರ್ಷದ ಬೋನಸ್ ಪಟ್ಟಿ ತೆಗೆಯಲು ಕಂಪ್ಯೂಟರ್‌ಗೆ 40 ನಿಮಿಷ ಬೇಕಾಗುತ್ತಿತ್ತು. ಯಾರು ವರ್ಷವಿಡೀ ಎಷ್ಟು ಲೀಟರ್ ಹಾಕಿದ್ದಾರೆ, ಎಷ್ಟು ದುಡ್ಡಾಗಿದೆ, ಅಷ್ಟೇ. ಬರೀ ಕೂಡುವ ಲೆಕ್ಕ. ಅದಕ್ಕೆ ಇಷ್ಟು ಹೊತ್ತು ಯಾಕೆ?

ಡೈರಿ ಅಂದರೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘ. 240 ಜನ ಬೆಳಿಗ್ಗೆ ಮತ್ತು ಸಂಜೆ ಹಾಲು ಹಾಕುತ್ತಾರೆ. ಪ್ರತಿ ಸಲವೂ ಸದಸ್ಯರ ನಂಬರ್, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), ದರ, ಮೊತ್ತ ಇಷ್ಟೂ ಕಂಪ್ಯೂಟರ್‌ಗೆ ಏರುತ್ತದೆ. ದಿನಕ್ಕೆ 480 ನಮೂದು. ವರ್ಷಕ್ಕೆ 1,75,200. ಸಾಫ್ಟ್‌ವೇರ್ ಬಂದು ಆರು ವರ್ಷವಾಗಿತ್ತು.

15 ದಿನಕ್ಕೊಮ್ಮೆ ಬಟವಾಡೆ ಪಟ್ಟಿ ಆಗುತ್ತದೆ. ಅದು ಒಂದೂವರೆ ನಿಮಿಷಕ್ಕೆ ಬರುತ್ತಿತ್ತು. ಅಷ್ಟು ಕಾಯುವುದು ಯಾರಿಗೂ ಕಷ್ಟವಲ್ಲ. ಬೋನಸ್ ಪಟ್ಟಿ ವರ್ಷಕ್ಕೊಮ್ಮೆ, ಅದನ್ನು ಹಚ್ಚಿ ಊಟಕ್ಕೆ ಹೋಗಿ ಬರುತ್ತಿದ್ದರು. ಹಾಗಾಗಿ ರೋಗ ಒಳಗೇ ಇದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ಸಲ ಸಂಘದ ಚುನಾವಣೆ ಬಂತು. ಹಿಂದಿನ ಐದು ವರ್ಷದಲ್ಲಿ ಯಾರು ಎಷ್ಟು ದಿನ ಹಾಲು ಹಾಕಿದ್ದಾರೆ ಅನ್ನುವ ಪಟ್ಟಿ ಬೇಕಾಯಿತು. ಒಂದೊಂದು ವರ್ಷಕ್ಕೂ 40 ನಿಮಿಷ. ಮಧ್ಯದಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಸಂಜೆ ಹಾಲಿನ ಹೊತ್ತಾದರೆ ಪಟ್ಟಿ ನಿಲ್ಲಿಸಿ ಕಂಪ್ಯೂಟರ್ ಬಿಟ್ಟುಕೊಡಬೇಕು.

ಆಡಳಿತ ಮಂಡಳಿಯವರು ಹೊಸ ಕಂಪ್ಯೂಟರ್ ತೆಗೆದುಕೊಳ್ಳಲು ಠರಾವು ಮಾಡಿದ್ದರು. ಹಾಸನದಿಂದ ಕೊಟೇಶನ್ ಕೂಡ ಬಂದಿತ್ತು. ನಾನು ಹಾಸನದಲ್ಲಿ ಕಂಪ್ಯೂಟರ್ ಸರ್ವೀಸ್ ಮಾಡುವವನು. ತೆಗೆದುಕೊಳ್ಳುವ ಮುಂಚೆ ಒಂದು ಸಲ ನೋಡಿಹೇಳಿ ಅಂತ ಕರೆದರು.

"ಪ್ರೊಸೆಸರ್ ಹಳೇದಾಯ್ತು ಅಂತಾರೆ ಸಾರ್. ತಗೊಂಡ್ಬಿಡೋದಾ?" ಅಂತ ಸೆಕ್ರೆಟರಿ ಕೇಳಿದರು.

"ತಡೀರಿ, ಪಟ್ಟಿ ಹಚ್ಚಿ. ಅದು ಏನ್ ಮಾಡ್ತಾ ಕೂತಿರುತ್ತೆ ನೋಡೋಣ" ಅಂದೆ.

ಯಂತ್ರ ಹೀಗಿತ್ತು. 3 ಗಿಗಾಹರ್ಟ್ಸ್‌ನ ಎರಡು ಕೋರ್ ಪ್ರೊಸೆಸರ್. ಕೆಲಸ ನಡೆಯುವಾಗ ಡೇಟಾ ಇಟ್ಟುಕೊಳ್ಳುವ ತಾತ್ಕಾಲಿಕ ನೆನಪು, ಅಂದರೆ 2 ಜಿಬಿ ಡಿಡಿಆರ್3 ರ‍್ಯಾಮ್. 7200 ಆರ್‌ಪಿಎಂ ವೇಗದ 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10, ಒಂದು ಆಂಟಿವೈರಸ್, ಮತ್ತು ಯಾವಾಗಲೂ ತೆರೆದೇ ಇರುವ ಬ್ರೌಸರ್.

ಶೇ. 100 ಕೆಲಸ, 0.3 ಎಂಬಿ ಫಲ

ಪಟ್ಟಿ ಓಡುತ್ತಿರುವಾಗ, ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದೆವು. ಪ್ರೊಸೆಸರ್ ಶೇ. 5ರ ಆಸುಪಾಸು. ಡಿಸ್ಕ್ ಶೇ. 100. ಇಷ್ಟನ್ನು ಯಾರು ಬೇಕಾದರೂ ನೋಡುತ್ತಾರೆ, 'ಡಿಸ್ಕ್ ಹೋಗಿದೆ' ಅಂದುಬಿಡುತ್ತಾರೆ. ನೋಡಬೇಕಾದದ್ದು ಅದರ ಕೆಳಗಿನ ಅಂಕಿ. ಡಿಸ್ಕ್‌ನಿಂದ ಓದುತ್ತಿದ್ದ ವೇಗ ಸೆಕೆಂಡಿಗೆ ಸುಮಾರು 0.3 ಎಂಬಿ. ಇಂಥ ಡಿಸ್ಕ್ ಒಂದೇ ಸಮನೆ ಓದಿದರೆ ಸೆಕೆಂಡಿಗೆ 100 ಎಂಬಿ ದಾಟುತ್ತದೆ. ಅಂದರೆ ಅದು ಪೂರ್ತಿ ದುಡಿಯುತ್ತಿದೆ, ಆದರೆ ಕೈಗೆ ಏನೂ ಹತ್ತುತ್ತಿಲ್ಲ.

ಡಿಸ್ಕ್ ಕೆಡುತ್ತಿದ್ದರೂ ಹೀಗೇ ಕಾಣುತ್ತದೆ. ಒಂದೇ ಸೆಕ್ಟರನ್ನು (ಡಿಸ್ಕ್ ಮೇಲಿನ ಸಣ್ಣ ತುಂಡು) ಮತ್ತೆ ಮತ್ತೆ ಓದಲು ಒದ್ದಾಡುತ್ತಾ ಶೇ. 100 ತೋರಿಸುತ್ತದೆ. ಅದಕ್ಕೇ ಮೊದಲು, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ ನೋಡಿದೆ. ಕೆಟ್ಟು ಬದಲಾಯಿಸಿದ ಸೆಕ್ಟರ್ ಸೊನ್ನೆ, ಬಾಕಿ ಇರುವುದೂ ಸೊನ್ನೆ. ಡಿಸ್ಕ್ ಗಟ್ಟಿಯಾಗಿತ್ತು.

ಆಮೇಲೆ ಬ್ಯಾಕಪ್‌ಗೆ ಅಂತ ಡೇಟಾ ಫೈಲನ್ನು ಪಕ್ಕದ ಫೋಲ್ಡರ್‌ಗೆ ಕಾಪಿ ಮಾಡಿದೆವು. ಆರು ವರ್ಷದ ಹಾಲಿನ ಲೆಕ್ಕವೆಲ್ಲ ಇರುವ ಫೈಲ್, ಸುಮಾರು 1 ಜಿಬಿ. ಒಂದು ನಿಮಿಷದೊಳಗೆ ಕಾಪಿ ಆಯಿತು. ಸೆಕ್ರೆಟರಿ ನನ್ನ ಮುಖ ನೋಡಿದರು. ಆರು ವರ್ಷದ್ದನ್ನು ಓದಿ, ಮತ್ತೆ ಬರೆಯಲು ಒಂದು ನಿಮಿಷ. ಅದರಲ್ಲಿ ಆರನೇ ಒಂದು ಭಾಗವನ್ನು ಸುಮ್ನೆ ಓದಿ ಕೂಡಲು 40 ನಿಮಿಷ. ಅದೇ ಡಿಸ್ಕ್, ಅದೇ ಫೈಲ್. ಪ್ರೊಸೆಸರ್ ಹಳೆಯದಾದರೆ ಹೀಗಾಗುತ್ತದಾ? ಇಲ್ಲ ಅಲ್ವಾ. ಹಾಗಾದರೆ ವ್ಯತ್ಯಾಸ ಕೇಳುವ ಕ್ರಮದಲ್ಲಿ ಇರಬೇಕು.

ಹಾರ್ಡ್ ಡಿಸ್ಕ್ ಓದುವ ರೀತಿ ಇಲ್ಲಿ ಮುಖ್ಯ. ಒಳಗೆ ಲೋಹದ ಅಥವಾ ಗಾಜಿನ ತಟ್ಟೆ ತಿರುಗುತ್ತಿರುತ್ತದೆ. ಅದರ ಮೇಲೆ ಕಾಂತದ ಗುರುತುಗಳಾಗಿ ಡೇಟಾ ಇರುತ್ತದೆ. ಒಂದು ತೋಳಿನ ತುದಿಯಲ್ಲಿ ಓದುವ ಹೆಡ್. ಬೇಕಾದ ಜಾಗದಿಂದ ಓದಲು ಎರಡು ಕೆಲಸ ಆಗಬೇಕು. ತೋಳು ಸರಿಯಾದ ಟ್ರ್ಯಾಕಿಗೆ, ಅಂದರೆ ತಟ್ಟೆ ಮೇಲಿನ ಸರಿಯಾದ ವರ್ತುಲಕ್ಕೆ, ಸರಿಯಬೇಕು, ಇದಕ್ಕೆ ಸರಾಸರಿ 8 ಮಿಲಿಸೆಕೆಂಡು. ಆಮೇಲೆ ತಟ್ಟೆ ತಿರುಗಿ ಬೇಕಾದ ಸೆಕ್ಟರ್ ಹೆಡ್ ಕೆಳಗೆ ಬರಬೇಕು. 7200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡು, ಸರಾಸರಿ ಅರ್ಧ ಸುತ್ತು ಕಾಯಬೇಕು ಅಂದರೆ 4 ಮಿಲಿಸೆಕೆಂಡು ಜಾಸ್ತಿ. ಒಟ್ಟು 12. ಇಷ್ಟಾದ ಮೇಲೆ 4 ಕೆಬಿ ಓದುವುದು ಲೆಕ್ಕಕ್ಕೇ ಇಲ್ಲ, ಅದು ಮಿಲಿಸೆಕೆಂಡಿನ ಒಂದು ಚೂರು.

ಸೆಕೆಂಡಿಗೆ 12 ಮಿಲಿಸೆಕೆಂಡಿನ ಕೆಲಸ ಎಷ್ಟು ಆಗುತ್ತದೆ? ಸುಮಾರು 80. ಒಂದೊಂದು ಸಲ 4 ಕೆಬಿ. 80ನ್ನು 4ರಿಂದ ಗುಣಿಸಿ: 320 ಕೆಬಿ. ಟಾಸ್ಕ್ ಮ್ಯಾನೇಜರ್ ತೋರಿಸಿದ 0.3 ಎಂಬಿ ಇದೇ. ಅಂಕಿ ಹೀಗೆ ಕೂಡಿಬಂದಾಗ ನನಗೆ ಅರ್ಧ ಕೆಲಸ ಮುಗಿದ ಹಾಗೆ. ಡಿಸ್ಕ್ ಓದುತ್ತಿಲ್ಲ, ಅಲೆಯುತ್ತಿದೆ.

ಇದು ಹೊಸ ಕಷ್ಟವೇನಲ್ಲ. ಐಬಿಎಂ 1956ರಲ್ಲಿ ತಂದ ರ‍್ಯಾಮ್ಯಾಕ್ ಯಂತ್ರದ ಜೊತೆ ಮೊದಲ ಹಾರ್ಡ್ ಡಿಸ್ಕ್ ಬಂತು. 24 ಅಂಗುಲದ 50 ತಟ್ಟೆ, ಹಿಡಿಸುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. ಅದರಲ್ಲಿ ಒಂದು ಜಾಗ ಹುಡುಕಲು ಸುಮಾರು 600 ಮಿಲಿಸೆಕೆಂಡು ಬೇಕಿತ್ತು. ಇವತ್ತಿನ ಡಿಸ್ಕ್‌ನಲ್ಲಿ ಅದು 12. ಹಿಡಿಸುವುದು ಲಕ್ಷಾಂತರ ಪಟ್ಟು ಬೆಳೆಯಿತು, ಹುಡುಕುವ ವೇಗ ಬೆಳೆದದ್ದು 50 ಪಟ್ಟು ಮಾತ್ರ. ತೋಳು ಸರಿಯಲೇಬೇಕು, ತಟ್ಟೆ ತಿರುಗಲೇಬೇಕು. ಲೋಹದ ತುಂಡಿಗೆ ಅದಕ್ಕಿಂತ ಅವಸರ ಮಾಡಲು ಆಗುವುದಿಲ್ಲ.

ಫೈಲಿನೊಳಗೆ ಏನಿತ್ತು

ಸಾಫ್ಟ್‌ವೇರ್‌ನ ಫೈಲಿನಲ್ಲಿ ನಮೂದುಗಳು ಬಂದ ಕ್ರಮದಲ್ಲೇ ಕೂತಿದ್ದವು. ಇವತ್ತು ಬೆಳಿಗ್ಗೆ ಯಾರು ಮೊದಲು ಕ್ಯಾನ್ ತಂದರೋ ಅವರದು ಮೊದಲು. ಆಮೇಲೆ ಅವರ ಹಿಂದೆ ನಿಂತವರದು. ಬರೆಯುವುದಕ್ಕೆ ಇದಕ್ಕಿಂತ ಸುಲಭದ ಕ್ರಮ ಇಲ್ಲ, ಸುಮ್ನೆ ಕೊನೆಗೆ ಸೇರಿಸುತ್ತಾ ಹೋದರಾಯಿತು.

ಒಂದೊಂದು ನಮೂದೂ 1 ಕೆಬಿ ಇತ್ತು. ಇದು ಅತಿಯಾಯಿತು. ಲೀಟರ್, ಫ್ಯಾಟ್, ದರ ಇವಕ್ಕೆಲ್ಲ ನೂರು ಬೈಟ್ ಕೂಡ ಬೇಡ. ಆದರೆ ಸದಸ್ಯರ ಹೆಸರು, ತಂದೆ ಹೆಸರು, ಬ್ಯಾಂಕ್ ಖಾತೆ, ವಿಳಾಸ ಎಲ್ಲವನ್ನೂ ಪ್ರತಿ ನಮೂದಿನಲ್ಲೂ ಮತ್ತೆ ಬರೆದಿದ್ದರು. ಮಿಕ್ಕ ಜಾಗ ಖಾಲಿ. ಬೆಳಿಗ್ಗೆ-ಸಂಜೆ ದಿನಕ್ಕೆರಡು ಸಲ ಒಬ್ಬರ ವಿಳಾಸವನ್ನು ಯಾಕೆ ಬರೆಯಬೇಕೋ ನನಗೆ ತಿಳಿಯದು. ಅಂತೂ ಒಂದು ವರ್ಷಕ್ಕೆ ಸುಮಾರು 175 ಎಂಬಿ.

ಈಗ ಬೋನಸ್ ಪಟ್ಟಿ. ಸಾಫ್ಟ್‌ವೇರ್ ಮೊದಲು 1ನೇ ನಂಬರ್ ಸದಸ್ಯರನ್ನು ಹಿಡಿಯುತ್ತದೆ. ಇಂಡೆಕ್ಸ್ ನೋಡುತ್ತದೆ. ಅವರ 730 ನಮೂದುಗಳು ಫೈಲಿನ ಯಾವ ಯಾವ ಜಾಗದಲ್ಲಿವೆ ಅನ್ನುವ ಪಟ್ಟಿ ಅದರಲ್ಲಿದೆ. ಆ 730 ಜಾಗಕ್ಕೂ ಹೋಗಿ ಓದಿ ಕೂಡುತ್ತದೆ. ಆಮೇಲೆ 2ನೇ ನಂಬರ್. ಅವರ 730 ಜಾಗ. ಹೀಗೆ 240ರವರೆಗೆ. ಒಬ್ಬರ ಒಂದು ನಮೂದಿಗೂ ಮುಂದಿನದಕ್ಕೂ ನಡುವೆ ಉಳಿದವರದೆಲ್ಲ ಸೇರಿ ಸುಮಾರು 240 ಕೆಬಿ ದೂರ.

ಅದೂ ಫೈಲ್ ಡಿಸ್ಕ್ ಮೇಲೆ ಒಂದೇ ಕಡೆ ಇದ್ದರೆ. ಇದು ದಿನಕ್ಕೆ 480 ಕೆಬಿಯಂತೆ ಆರು ವರ್ಷ ಬೆಳೆದ ಫೈಲ್. ಇವತ್ತಿನ ತುಂಡು ಇಲ್ಲಿ, ನಾಳೆಯದು ಎಲ್ಲಿ ಖಾಲಿ ಇದೆಯೋ ಅಲ್ಲಿ. ವಿಂಡೋಸ್ ವಾರಕ್ಕೊಮ್ಮೆ ತಾನಾಗಿಯೇ ತುಂಡುಗಳನ್ನು ಒಟ್ಟು ಮಾಡುತ್ತದೆ ನಿಜ. ಆದರೆ ಯಂತ್ರ ಹಚ್ಚಿಟ್ಟಿದ್ದು ಬಿಡುವಾಗಿರುವಾಗ ಮಾತ್ರ. ಡೈರಿ ಕಂಪ್ಯೂಟರ್ ಹಾಲಿನ ಹೊತ್ತಿಗೆ ಹಚ್ಚುತ್ತಾರೆ, ಹಾಲು ಮುಗಿದ ಕೂಡಲೇ ಆರಿಸುತ್ತಾರೆ. ಅದಕ್ಕೆ ಬಿಡುವೇ ಇಲ್ಲ.

ಲೆಕ್ಕ ಹಾಕಿ. 1,75,200 ನಮೂದು, ಒಂದೊಂದಕ್ಕೂ 12 ಮಿಲಿಸೆಕೆಂಡು. 2,100 ಸೆಕೆಂಡು ಆಗುತ್ತದೆ. ಅಂದರೆ 35 ನಿಮಿಷ. ಆಂಟಿವೈರಸ್ ನಡುನಡುವೆ ತೋಳನ್ನು ತನ್ನ ಕಡೆ ಎಳೆದುಕೊಳ್ಳುವುದನ್ನೂ ಸೇರಿಸಿದರೆ 40 ಸರಿಹೋಗುತ್ತದೆ. ಬಟವಾಡೆಯ 15 ದಿನಕ್ಕೆ 7,200 ನಮೂದು, 86 ಸೆಕೆಂಡು. ಅದೂ ಸರಿಹೋಯಿತು.

ಒಂದು ನಮೂದಿಗಾಗಿ ಪ್ರೊಸೆಸರ್ ಎಷ್ಟು ಕಾಯುತ್ತದೆ ಗೊತ್ತಾ? 3 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 300 ಕೋಟಿ ಮಿಡಿತ. 12 ಮಿಲಿಸೆಕೆಂಡಿನಲ್ಲಿ 3.6 ಕೋಟಿ ಮಿಡಿತ ಕಳೆದುಹೋಗುತ್ತವೆ. ಕೂಡುವುದಕ್ಕೆ ಬೇಕಾದದ್ದು ಕೆಲವೇ ಮಿಡಿತ. ಕೊಟೇಶನ್‌ನಲ್ಲಿದ್ದ ಹೊಸ ಪ್ರೊಸೆಸರ್ ಈ ಕೆಲವನ್ನು ಅರ್ಧ ಮಾಡುತ್ತಿತ್ತು. 3.6 ಕೋಟಿಯನ್ನು ಹಾಗೇ ಬಿಡುತ್ತಿತ್ತು.

ರ‍್ಯಾಮ್ ಯಾಕೆ ಕೈ ಹಿಡಿಯಲಿಲ್ಲ

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಡಿಸ್ಕ್ ನಿಧಾನ ಅನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೇ ಅಲ್ವಾ ಆಪರೇಟಿಂಗ್ ಸಿಸ್ಟಮ್ ಓದಿದ್ದನ್ನೆಲ್ಲ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವುದು?

ಒಂದು ನಮೂದು ಬರುವ ದಾರಿ ನೋಡಿ. ಸಾಫ್ಟ್‌ವೇರ್ ನೇರವಾಗಿ ಡಿಸ್ಕ್ ಮುಟ್ಟುವುದಿಲ್ಲ. 'ಈ ಫೈಲಿನ ಇಷ್ಟನೇ ಬೈಟಿನಿಂದ 1024 ಬೈಟ್ ಕೊಡು' ಅಂತ ವಿಂಡೋಸನ್ನು ಕೇಳುತ್ತದೆ. ವಿಂಡೋಸ್ ಮೊದಲು ರ‍್ಯಾಮ್‌ನಲ್ಲಿರುವ ತನ್ನ ಕ್ಯಾಶ್, ಅಂದರೆ ಮೊದಲೇ ಓದಿದ್ದನ್ನು ಇಟ್ಟುಕೊಂಡ ಜಾಗ, ಹುಡುಕುತ್ತದೆ. ಸಿಕ್ಕರೆ ಅಲ್ಲಿಂದಲೇ ಕೊಡುತ್ತದೆ. ಸಿಗದಿದ್ದರೆ ಡಿಸ್ಕ್‌ಗೆ ಹೇಳಿ ಕಳಿಸುತ್ತದೆ, ಸಾಫ್ಟ್‌ವೇರನ್ನು ಮಲಗಿಸುತ್ತದೆ. ಡಿಸ್ಕ್ ಓದಿದ್ದು ಪ್ರೊಸೆಸರ್‌ನ ಕೈ ಹಾಯದೆ ನೇರವಾಗಿ ರ‍್ಯಾಮ್‌ಗೆ ಬಂದು ಬೀಳುತ್ತದೆ. ಆಮೇಲೆ ಸಾಫ್ಟ್‌ವೇರನ್ನು ಎಬ್ಬಿಸುತ್ತದೆ.

ಬಂದು ಬೀಳುವುದು 1 ಕೆಬಿ ಅಲ್ಲ, 4 ಕೆಬಿಯ ಒಂದು ಪುಟ. ಕೇಳಿದ ನಮೂದಿನ ಜೊತೆ ಅಕ್ಕಪಕ್ಕದ ಮೂರೂ ಬರುತ್ತವೆ. ಕಂಪ್ಯೂಟರ್‌ನ ಎಲ್ಲಾ ಹಂತದಲ್ಲೂ ಇದೇ ನಂಬಿಕೆ: ಒಂದನ್ನು ಕೇಳಿದವನು ಇನ್ನೇನು ಪಕ್ಕದ್ದನ್ನೂ ಕೇಳುತ್ತಾನೆ. ಹೆಚ್ಚಿನ ಕೆಲಸಗಳಲ್ಲಿ ಇದು ನಿಜ. ಇಲ್ಲಿ ಪಕ್ಕದ ಮೂರು ನಮೂದು ಸಾಲಿನಲ್ಲಿ ಹಿಂದೆ ಮುಂದೆ ನಿಂತಿದ್ದವರದು. ಈಗ ಬೇಡ. ಅವರ ನಂಬರ್ ಬಂದಾಗ ಬೇಕು, ಅದಕ್ಕೆ ಇನ್ನೂ ಹತ್ತಾರು ನಿಮಿಷ ಇದೆ.

ಅಲ್ಲಿಯವರೆಗೆ ಆ ಪುಟ ರ‍್ಯಾಮ್‌ನಲ್ಲಿ ಉಳಿದಿದ್ದರೆ ಸಾಕಿತ್ತು. ಉಳಿಯಲಿಲ್ಲ. 2 ಜಿಬಿಯಲ್ಲಿ ವಿಂಡೋಸ್ 10, ಆಂಟಿವೈರಸ್, ಬ್ರೌಸರ್ ಎಲ್ಲ ಕೂತ ಮೇಲೆ ಕ್ಯಾಶ್‌ಗೆ ಮಿಕ್ಕಿದ್ದು ಕೆಲವು ಹತ್ತು ಎಂಬಿ. ವರ್ಷದ ಫೈಲ್ 175 ಎಂಬಿ. ಜಾಗ ಸಾಲದಾಗ ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪುಟವನ್ನು ಹೊರಗೆ ಹಾಕುತ್ತದೆ. ನಮ್ಮ ಪಟ್ಟಿಗೆ ಮುಂದೆ ಬೇಕಾದದ್ದು ಅದೇ ಪುಟ! ಒಂದೇ ಪುಟವನ್ನು ತಂದು, ಒಂದು ನಮೂದು ನೋಡಿ, ಎಸೆದು, ಮತ್ತೆ ತಂದು, ಇನ್ನೊಂದು ನೋಡಿ, ಮತ್ತೆ ಎಸೆಯುವುದು.

ಸಾಲದ್ದಕ್ಕೆ ರ‍್ಯಾಮ್‌ನಲ್ಲಿ ಹಿಡಿಸದ ಬ್ರೌಸರ್‌ನ ಭಾಗಗಳನ್ನು ವಿಂಡೋಸ್ ಪೇಜ್ ಫೈಲ್‌ಗೆ ಬರೆದಿಡುತ್ತಿತ್ತು. ಅದೂ ಇದೇ ಡಿಸ್ಕ್ ಮೇಲೆ. ರಿಸೋರ್ಸ್ ಮಾನಿಟರ್‌ನಲ್ಲಿ ಹಾರ್ಡ್ ಫಾಲ್ಟ್‌ಗಳ, ಅಂದರೆ ಬೇಕಾದದ್ದು ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕ್‌ಗೆ ಓಡಬೇಕಾದ ಸಲಗಳ, ಗೆರೆ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಚಿಕ್ಕ ರ‍್ಯಾಮನ್ನು ದೊಡ್ಡದೆಂದು ತೋರಿಸುವ ಈ ಉಪಾಯ 1962ರಲ್ಲಿ ಮ್ಯಾಂಚೆಸ್ಟರ್‌ನ ಅಟ್ಲಾಸ್ ಕಂಪ್ಯೂಟರ್‌ನಲ್ಲಿ ಬಂದದ್ದು. ಒಳ್ಳೆಯ ಉಪಾಯವೇ. ಆದರೆ ಆಗಾಗ ನಡೆದರೆ ಮಾತ್ರ ಒಳ್ಳೆಯದು, ಸದಾ ನಡೆದರೆ ಅಲ್ಲ.

ನಾನು ಇದನ್ನೆಲ್ಲ ಸೆಕ್ರೆಟರಿಗೆ ಬಿಡಿಸಿ ಹೇಳುತ್ತಿದ್ದಾಗ, ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಹಳೇ ಸೆಕ್ರೆಟರಿ ಬಾಯಿ ಹಾಕಿದರು. ಅವರು ಪುಸ್ತಕದ ಕಾಲದವರು.

"ಅಲ್ಲಪ್ಪ, ನಾವು ದಿನದ ರಿಜಿಸ್ಟರ್ ಬೇರೆ ಇಟ್ಟಿದ್ವಿ, ಲೆಡ್ಜರ್ ಬೇರೆ ಇಟ್ಟಿದ್ವಿ. ಸಂಜೆ ಕೂತು ರಿಜಿಸ್ಟರಿಂದ ಒಬ್ಬೊಬ್ರ ಪುಟಕ್ಕೆ ಏರಿಸೋದು. ವರ್ಷದ ಕೊನೆಗೆ ಆ ಪುಟ ತೆಗ್ದು ಕೂಡಿದ್ರೆ ಆಯ್ತು. ನಿಮ್ ಕಂಪ್ಯೂಟರ್ ಬರೀ ರಿಜಿಸ್ಟರ್ ಇಟ್ಕಂಡು ಲೆಡ್ಜರ್ ಕೆಲ್ಸ ಮಾಡ್ತದಾ?"

"ಹೂಂ ಯಜಮಾನ್ರೇ, ಅದೇ ಆಗಿರೋದು" ಅಂದೆ.

ನಾನು ಹೇಳುತ್ತಿದ್ದದ್ದಕ್ಕಿಂತ ಅವರದು ಚೊಕ್ಕವಾಗಿತ್ತು. ಬರೆಯುವ ಕ್ರಮ ಒಂದು, ಓದುವ ಕ್ರಮ ಇನ್ನೊಂದು. ಎರಡು ಬೇರೆಯಾದರೆ ನಡುವೆ ಯಾರಾದರೂ ಒಬ್ಬರು ಜೋಡಿಸುವ ಕೆಲಸ ಮಾಡಲೇಬೇಕು. ಮೊದಲು ಅದನ್ನು ಅವರು ದಿನಾ ಸಂಜೆ ಸ್ವಲ್ಪ ಸ್ವಲ್ಪ ಮಾಡುತ್ತಿದ್ದರು. ಈಗ ಡಿಸ್ಕ್‌ನ ತೋಳು ವರ್ಷಕ್ಕೊಮ್ಮೆ ಒಟ್ಟಿಗೆ ಮಾಡುತ್ತಿತ್ತು.

ಮಾಡಿದ್ದು

ಮೊದಲು ರ‍್ಯಾಮ್. 4 ಜಿಬಿಯ ಎರಡು ಸ್ಟಿಕ್ ಹಾಕಿ 8 ಜಿಬಿ ಮಾಡಿದೆ. ಡಿಡಿಆರ್3 ಹಳೆಯ ಮಾಲು, ಅಗ್ಗಕ್ಕೆ ಸಿಕ್ಕಿತು. ಪಟ್ಟಿ ಎಂಟೊಂಬತ್ತು ನಿಮಿಷಕ್ಕೆ ಇಳಿಯಿತು. ಇದೂ ಲೆಕ್ಕಕ್ಕೆ ಸಿಗುತ್ತದೆ. ಈಗ ತಂದ ಪುಟ ಎಸೆಯಬೇಕಿಲ್ಲ. ಪುಟಗಳು 43,800. ಒಂದೊಂದನ್ನೂ ಒಂದೇ ಸಲ ತಂದರೆ ಸಾಕು. 12 ಮಿಲಿಸೆಕೆಂಡಿನಂತೆ 526 ಸೆಕೆಂಡು.

ಎರಡನೇ ಸಲ ಅದೇ ಪಟ್ಟಿ ತೆಗೆದರೆ ಮೂರ್ನಾಲ್ಕು ಸೆಕೆಂಡಿಗೆ ಬಂತು. ಸೆಕ್ರೆಟರಿಗೆ ಖುಷಿಯೋ ಖುಷಿ. ಮಾರನೇ ದಿನ ಬೆಳಿಗ್ಗೆ ಫೋನ್. "ಸಾರ್, ಮತ್ತೆ ನಿಧಾನ ಆಗೋಯ್ತು!" ಆಗಲೇಬೇಕು. ರಾತ್ರಿ ಕಂಪ್ಯೂಟರ್ ಆರಿಸಿದ್ದರು.

ಇದಕ್ಕೆ ಕಾರಣ ರ‍್ಯಾಮ್‌ನ ಒಳಗೇ ಇದೆ. ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸವೇ ಇವತ್ತಿಗೂ ನಡೆಯುತ್ತಿರುವುದು. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಅದರಲ್ಲಿ ವಿದ್ಯುತ್ ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆ ವಿದ್ಯುತ್ ಸೋರುತ್ತಲೇ ಇರುತ್ತದೆ. ಕರೆಂಟ್ ಇದ್ದಾಗಲೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ಕರೆಂಟ್ ಹೋದರೆ ಎಲ್ಲಾ ಹೋಯಿತು. ಹಾಗಾಗಿ ರ‍್ಯಾಮ್ ಹಾಕಿದ್ದು ಪೂರ್ತಿ ಮದ್ದಲ್ಲ. ಬೆಳಗಿನ ಮೊದಲ ಪಟ್ಟಿ ಯಾವಾಗಲೂ ಡಿಸ್ಕ್‌ನ ವೇಗದಲ್ಲೇ.

ಎಸ್‌ಎಸ್‌ಡಿ ಹಾಕಿಬಿಡಿ ಅಂತ ಈಗ ಎಲ್ಲರೂ ಹೇಳುತ್ತಾರೆ. ತಪ್ಪಲ್ಲ. ಅದರಲ್ಲಿ ತಟ್ಟೆ ಇಲ್ಲ, ತೋಳಿಲ್ಲ. ಚಿಪ್‌ನ ಕೋಶಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟಿರುತ್ತದೆ. ಕರೆಂಟ್ ಹೋದರೂ ಅವು ಅಲ್ಲೇ ಇರುತ್ತವೆ. ಎಲ್ಲಿಂದ ಕೇಳಿದರೂ ಸುಮಾರು 0.1 ಮಿಲಿಸೆಕೆಂಡು. 1,75,200 ಸಲ ಅಲೆದರೂ 18 ಸೆಕೆಂಡು. ಕೊನೆಗೆ ನಾವೂ ಹಾಕಿದೆವು. ಆದರೆ ಅದನ್ನು ಮೊದಲೇ ಹಾಕಲು ನಾನು ಒಪ್ಪಲಿಲ್ಲ. 40 ನಿಮಿಷದ ತಪ್ಪು ಎಸ್‌ಎಸ್‌ಡಿ ಹಾಕಿದರೆ 18 ಸೆಕೆಂಡಿನ ತಪ್ಪಾಗುತ್ತದೆ, ಹೋಗುವುದಿಲ್ಲ. ಕಣ್ಣಿಗೆ ಬೀಳದ ತಪ್ಪನ್ನು ಆಮೇಲೆ ಯಾರೂ ಸರಿಮಾಡುವುದೂ ಇಲ್ಲ. ಇದೇ ಸಾಫ್ಟ್‌ವೇರ್ ಹಾರ್ಡ್ ಡಿಸ್ಕ್ ಇರುವ ಬೇರೆ ಡೈರಿಗಳಲ್ಲೂ ಓಡುತ್ತಿತ್ತು, ಅದೂ ಒಂದು ಕಾರಣ.

ಅದಕ್ಕೆ ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿದೆ. ಪ್ರೋಗ್ರಾಮರ್ ಹುಡುಗ ಒಳ್ಳೆಯವನು, ಕೇಳಿಸಿಕೊಂಡ.

"ಇಂಡೆಕ್ಸ್ ಇದೆಯಲ್ಲ ಸಾರ್. ಇಂಡೆಕ್ಸ್ ಇದ್ರೆ ಫಾಸ್ಟ್ ಅಲ್ವಾ?"

"ಒಬ್ರದು ಇವತ್ತಿನ ಒಂದು ನಮೂದು ಬೇಕು ಅಂದ್ರೆ ಫಾಸ್ಟ್. ಎಲ್ಲರದೂ ಎಲ್ಲವೂ ಬೇಕು ಅಂದ್ಮೇಲೆ ಹುಡುಕೋದೇನಿದೆ? ಮೊದಲಿಂದ ಕೊನೆವರೆಗೆ ಓದ್ಕೊಂಡ್ ಹೋಗಿ."

ಬದಲಾವಣೆ ಸಣ್ಣದು. ಸದಸ್ಯರನ್ನು ಹಿಡಿದು ನಮೂದು ಹುಡುಕುವ ಬದಲು, ನಮೂದುಗಳನ್ನು ಫೈಲಿನ ಕ್ರಮದಲ್ಲೇ ಓದುವುದು. 240 ಜನರ 240 ಮೊತ್ತಗಳನ್ನು ರ‍್ಯಾಮ್‌ನಲ್ಲಿ ತೆರೆದಿಟ್ಟುಕೊಂಡು, ಬಂದ ನಮೂದು ಯಾರದೋ ಅವರಿಗೆ ಕೂಡುವುದು. ಯಜಮಾನರು ಹೇಳಿದ ಲೆಡ್ಜರ್ ಇದೇ. ಒಬ್ಬೊಬ್ಬರಿಗೆ ದಿನ, ಲೀಟರ್, ಮೊತ್ತ ಮೂರು ಅಂಕಿ, 8 ಬೈಟಿನಂತೆ. ಒಟ್ಟು 5,760 ಬೈಟ್. ಪ್ರೊಸೆಸರ್‌ಗೆ ಅಂಟಿಕೊಂಡೇ ಇರುವ ಪುಟ್ಟ ನೆನಪು, ಎಲ್1 ಕ್ಯಾಶ್, ಇಂಥ ಪ್ರೊಸೆಸರ್‌ನಲ್ಲಿ ಸಾಮಾನ್ಯವಾಗಿ 32 ಕೆಬಿ ಇರುತ್ತದೆ. ಇಡೀ ಲೆಡ್ಜರ್ ಅಲ್ಲೇ ಕೂತುಬಿಡುತ್ತದೆ, ರ‍್ಯಾಮ್‌ವರೆಗೂ ಹೋಗಬೇಕಿಲ್ಲ.

ಹೊಸ ಆವೃತ್ತಿಯನ್ನು ಬೇಕೆಂದೇ ಹಳೆಯ ಹಾರ್ಡ್ ಡಿಸ್ಕ್ ಮತ್ತು ಹಳೆಯ 2 ಜಿಬಿಯಲ್ಲೇ ಓಡಿಸಿ ನೋಡಿದೆವು. ಸುಮಾರು ಆರು ಸೆಕೆಂಡು. 175 ಎಂಬಿ ಓದಲು ಎರಡು ಸೆಕೆಂಡಿಗಿಂತ ಕಮ್ಮಿ ಸಾಕು. ಮಿಕ್ಕಿದ್ದು ತುಂಡು ತುಂಡಾದ ಫೈಲಿನ ದಂಡ: ದಿನಕ್ಕೊಂದು ತುಂಡು ಅಂದುಕೊಂಡರೂ 365 ಸಲ ತೋಳು ಸರಿಯಬೇಕು, ಅದಕ್ಕೆ ನಾಲ್ಕು ಸೆಕೆಂಡು. 40 ನಿಮಿಷದಿಂದ ಆರು ಸೆಕೆಂಡಿಗೆ ಬಂದದ್ದು ಒಂದು ರೂಪಾಯಿಯ ಸಾಮಾನು ಹಾಕದೆ.

ರ‍್ಯಾಮ್‌ನೊಳಗೂ ಇದೇ

ಪೂರ್ತಿ ಫೈಲ್ ರ‍್ಯಾಮ್‌ನಲ್ಲೇ ಇದ್ದರೆ ಕ್ರಮಕ್ಕೆ ಬೆಲೆ ಇಲ್ಲವೇ? ಇದೆ. ರ‍್ಯಾಮ್ ಕೂಡ ಸಾಲು, ಕಂಬ ಅಂತ ಜೋಡಿಸಿದ್ದು. ಒಂದು ಬೈಟ್ ಕೇಳಿದರೂ ಆ ಸಾಲು ಪೂರ್ತಿ ತೆರೆಯಬೇಕು, ಆಮೇಲೆ ಅದರೊಳಗಿನ ಕಂಬ ಆರಿಸಬೇಕು. ತೆರೆದ ಸಾಲಿನಲ್ಲೇ ಇನ್ನೊಂದು ಕೇಳಿದರೆ ಬೇಗ ಸಿಗುತ್ತದೆ, ಬೇರೆ ಸಾಲಾದರೆ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ಪ್ರೊಸೆಸರ್ ಕೂಡ ರ‍್ಯಾಮ್‌ನಿಂದ ಬಿಡಿ ಬೈಟ್ ತರುವುದಿಲ್ಲ, ಸಾಮಾನ್ಯವಾಗಿ 64 ಬೈಟಿನ ಕಟ್ಟು ತರುತ್ತದೆ. ಎಲ್1ನಲ್ಲಿ ಸಿಕ್ಕರೆ ಸುಮಾರು 1 ನ್ಯಾನೊಸೆಕೆಂಡು. ರ‍್ಯಾಮ್‌ವರೆಗೆ ಹೋಗಬೇಕಾದರೆ 100ರ ಹತ್ತಿರ. ವೇಗದ ಪುಟ್ಟ ನೆನಪನ್ನು ನಿಧಾನದ ದೊಡ್ಡ ನೆನಪಿನ ಮುಂದೆ ಇಡುವ ಈ ಏರ್ಪಾಟನ್ನು ಕೇಂಬ್ರಿಡ್ಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲೇ ಬರೆದಿದ್ದರು. ಮಾರಾಟಕ್ಕೆ ಬಂದ ಯಂತ್ರದಲ್ಲಿ ಅದು ಕಾಣಿಸಿಕೊಂಡದ್ದು ಐಬಿಎಂ 1968ರಲ್ಲಿ ಘೋಷಿಸಿದ ಸಿಸ್ಟಮ್/360 ಮಾಡೆಲ್ 85ರಲ್ಲಿ.

ನಮ್ಮ 1 ಕೆಬಿ ನಮೂದಿನಲ್ಲಿ ಮೊತ್ತಕ್ಕೆ 8 ಬೈಟ್. ಅದಕ್ಕಾಗಿ 64 ತರುತ್ತೇವೆ, 56 ದಂಡ. ವರ್ಷದ ಮೊತ್ತಗಳನ್ನಷ್ಟೇ ಸಾಲಾಗಿ ಇಟ್ಟಿದ್ದರೆ ಒಂದು ಕಟ್ಟಿನಲ್ಲಿ ಎಂಟು ಮೊತ್ತ ಬರುತ್ತಿದ್ದವು, ಎಲ್ಲಾ ಸೇರಿ 1.4 ಎಂಬಿ ಆಗುತ್ತಿತ್ತು. ದೊಡ್ಡ ದೊಡ್ಡ ವರದಿ ತೆಗೆಯುವ ಡೇಟಾಬೇಸ್‌ಗಳು ಹೀಗೇ ಕಂಬವಾರು ಇಡುವುದು ಇದಕ್ಕೇ.

ಆದರೆ ಡೈರಿಗೆ ಇದು ಬೇಕಿಲ್ಲ. 1,75,200 ಸಲವೂ ರ‍್ಯಾಮ್‌ವರೆಗೆ ಹೋದರೂ ಒಟ್ಟು 17.5 ಮಿಲಿಸೆಕೆಂಡು. ಹಾರ್ಡ್ ಡಿಸ್ಕ್‌ನ ತೋಳು ಒಂದೂವರೆ ಸಲ ಅಲೆಯುವಷ್ಟು ಹೊತ್ತು, ಅಷ್ಟೇ. ಅಲ್ಲಿ ಉಳಿಸಲು ಹೋಗುವುದು ಸುಮ್ನೆ ಕೆಲಸ.

ಒಬ್ಬರದೇ ಲೆಕ್ಕ ಕೇಳಿದರೆ

ಎಲ್ಲಾ ಮುಗಿಯಿತು ಅಂದುಕೊಂಡಾಗ ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. ಯಾರೋ ಒಬ್ಬ ಸದಸ್ಯರು ಬಂದು 'ನನ್ನದು ವರ್ಷದ್ದು ತೆಗೆದುಕೊಡಿ' ಅಂದರೆ? ಸಾಲಕ್ಕೆ ಬ್ಯಾಂಕಿನವರು ಕೇಳುವುದರಿಂದ ಇದು ಆಗಾಗ ಇರುತ್ತದೆ. ಆಗ ಇಂಡೆಕ್ಸ್ ಬಳಸುವುದೋ, ಮೊದಲಿನಿಂದ ಓದುವುದೋ?

ಹಾರ್ಡ್ ಡಿಸ್ಕ್‌ನಲ್ಲಿ ನೋಡಿ. ಇಂಡೆಕ್ಸ್ ಹಿಡಿದರೆ 730 ಜಾಗ, 12 ಮಿಲಿಸೆಕೆಂಡಿನಂತೆ ಸುಮಾರು ಒಂಬತ್ತು ಸೆಕೆಂಡು. ಇಡೀ ವರ್ಷ ಓದಿ 239 ಜನರದನ್ನು ಬಿಟ್ಟುಹಾಕಿದರೆ ಆರು ಸೆಕೆಂಡು. ಒಬ್ಬರದು ಬೇಕಾದರೂ ಎಲ್ಲರದನ್ನೂ ಓದುವುದೇ ಲಾಭ! ಹುಡುಗ ಮೊದಲು ನಂಬಲಿಲ್ಲ, ಓಡಿಸಿ ನೋಡಿದ ಮೇಲೆ ನಂಬಿದ.

ಎಸ್‌ಎಸ್‌ಡಿಯಲ್ಲಿ ಉತ್ತರ ತಿರುಗಿಬಿಡುತ್ತದೆ. 730 ಸಲ 0.1 ಮಿಲಿಸೆಕೆಂಡು ಅಂದರೆ 0.07 ಸೆಕೆಂಡು. ಪೂರ್ತಿ ಓದಿದರೆ, ಸಾಟಾ (ಹಾರ್ಡ್ ಡಿಸ್ಕ್‌ನ ಕೇಬಲ್‌ಗೇ ಜೋಡಿಸುವ ಬಗೆಯ) ಎಸ್‌ಎಸ್‌ಡಿಯ ಸೆಕೆಂಡಿಗೆ ಸುಮಾರು 500 ಎಂಬಿ ವೇಗದಲ್ಲಿ, 0.35 ಸೆಕೆಂಡು. ಇಲ್ಲಿ ಇಂಡೆಕ್ಸ್ ಐದು ಪಟ್ಟು ಮೇಲು. ದೊಡ್ಡ ಡೇಟಾಬೇಸ್‌ಗಳಲ್ಲಿ 'ಅಲೆದು ಓದುವುದಕ್ಕೆ ಎಷ್ಟು ಖರ್ಚು' ಅಂತ ಹೇಳುವ ಒಂದು ಅಂಕಿ ಇರುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಸಾಲಾಗಿ ಓದುವುದಕ್ಕೆ 1 ಇದ್ದರೆ ಅಲೆಯುವುದಕ್ಕೆ 4 ಅಂತ ಮೊದಲೇ ಇಟ್ಟಿರುತ್ತಾರೆ. ಎಸ್‌ಎಸ್‌ಡಿ ಹಾಕಿದವರು ಅದನ್ನು 1ರ ಹತ್ತಿರಕ್ಕೆ ಇಳಿಸುವುದು ಈ ಕಾರಣಕ್ಕೇ.

ಹುಡುಗ ಕೊನೆಗೆ ಎರಡನ್ನೂ ಇಟ್ಟ. ಒಬ್ಬರದಾದರೆ ಇಂಡೆಕ್ಸ್, ಎಲ್ಲರದಾದರೆ ಸಾಲಾಗಿ. ಹಾರ್ಡ್ ಡಿಸ್ಕ್ ಇರುವ ಡೈರಿಗಳಿಗೆ, ಒಬ್ಬರದನ್ನೂ ಸಾಲಾಗಿಯೇ ಓದುವ ಒಂದು ಸೆಟ್ಟಿಂಗ್ ಕೊಟ್ಟಿದ್ದಾನೆ. ಹೆಸರು, ವಿಳಾಸವನ್ನು ಪ್ರತಿ ನಮೂದಿನಿಂದ ತೆಗೆದುಹಾಕುವುದು ಮುಂದಿನ ಆವೃತ್ತಿಗೆ ಅಂದಿದ್ದಾನೆ. ಅದು ದೊಡ್ಡ ಕೆಲಸ, ಹಳೆಯ ಫೈಲನ್ನೆಲ್ಲ ಬದಲಾಯಿಸಬೇಕು.

ಹೊಸ ಕಂಪ್ಯೂಟರ್‌ನ ಠರಾವನ್ನು ಮಂಡಳಿಯವರು ಕೈಬಿಟ್ಟರು. ಐದು ವರ್ಷದ ಪಟ್ಟಿ ಒಂದೇ ಕೂತಲ್ಲಿ ಆಯಿತು. ಹಳೆಯ ಹಾರ್ಡ್ ಡಿಸ್ಕ್ ಎಸೆಯಲಿಲ್ಲ. ಅದಕ್ಕೊಂದು ಹೊರಗಿನ ಡಬ್ಬಿ ತಂದು, ಸಂಜೆ ಹಾಲು ಮುಗಿದ ಮೇಲೆ ಇಡೀ ಫೈಲಿನ ಬ್ಯಾಕಪ್ ಅದಕ್ಕೆ ಹೋಗುವ ಹಾಗೆ ಮಾಡಿದ್ದೇವೆ. ಬ್ಯಾಕಪ್ ಅಂದರೆ ಮೊದಲಿನಿಂದ ಕೊನೆವರೆಗೆ ಒಂದೇ ಸಮನೆ ಬರೆಯುವುದು, ಆ ಕೆಲಸದಲ್ಲಿ ಆ ಡಿಸ್ಕ್ ಈಗಲೂ ಏನೂ ಕಮ್ಮಿ ಇಲ್ಲ.